ಟ್ಯಾಟೂಗೆ ಗದರುತ್ತೇವೆ, ಬಟವಾಡೆಗೆ ಸುಮ್ಮನಿರುತ್ತೇವೆ

ಚರ್ಚಿನ ಹುಡುಗರು ಜಾಸ್ತಿ ಕೇಳುವ ಪ್ರಶ್ನೆಗಳು ಇವೇ. ಸಿನಿಮಾಕ್ಕೆ ಹೋಗಬಹುದಾ? ಗೆಳೆಯನ ಮನೆಯ ಗಣಪತಿ ಪ್ರಸಾದ ತಿನ್ನಬಹುದಾ? ಕೈಗೆ ಟ್ಯಾಟೂ ಹಾಕಿಸಿದರೆ ಪಾಪವಾ? ಟ್ಯಾಟೂ ಅಂದ ಕೂಡಲೇ ಹಿರಿಯರಲ್ಲಿ ಯಾರಾದರೊಬ್ಬರು ಬೈಬಲ್ಲಿನ ಯಾಜಕಕಾಂಡ 19ನೇ ಅಧ್ಯಾಯದ 28ನೇ ವಚನ ತೆಗೆದು ಓದಿಬಿಡುತ್ತಾರೆ. ಮೈಮೇಲೆ ಹಚ್ಚೆ ಹಾಕಿಸಿಕೊಳ್ಳಬಾರದು. ಮಾತು ಮುಗೀತು.

ಅದೇ ಅಧ್ಯಾಯದಲ್ಲಿ ಸ್ವಲ್ಪ ಮೇಲೆ 13ನೇ ವಚನ ಇದೆ. ದುಡಿದವನ ಕೂಲಿ ರಾತ್ರಿಯೆಲ್ಲ ನಿನ್ನ ಹತ್ತಿರ ಇರಬಾರದು, ಬೆಳಗಾಗುವವರೆಗೆ ಇಟ್ಟುಕೊಳ್ಳಬೇಡ ಅನ್ನುತ್ತದೆ. ನೆರೆಯವನನ್ನು ಪೀಡಿಸಬೇಡ, ದೋಚಬೇಡ ಅನ್ನುವುದೂ ಅದೇ ವಚನದಲ್ಲಿದೆ. ಅಂದರೆ ಕೂಲಿ ತಡ ಮಾಡುವುದನ್ನು ದೋಚುವುದರ ಸಾಲಿಗೇ ಸೇರಿಸಿದ್ದಾರೆ. ಈ ವಚನ ತೆಗೆದು ಯಾರಾದರೂ ಯಾರನ್ನಾದರೂ ಗದರಿದ್ದನ್ನು ನಾನಂತೂ ನೋಡಿಲ್ಲ.

ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅನ್ನೋದು ಎಲ್ಲರಿಗೂ ಬಾಯಿಪಾಠ. ಯೇಸು ಅದನ್ನು ಎತ್ತಿಕೊಂಡದ್ದು ಇದೇ 19ನೇ ಅಧ್ಯಾಯದ 18ನೇ ವಚನದಿಂದ. ಅದರ ಹಿಂದೆ ಮುಂದೆ ಏನಿದೆ ನೋಡಿ. ಹೊಲ ಕೊಯ್ಯುವಾಗ ಅಂಚಿನವರೆಗೂ ಬಳಿದುಕೊಳ್ಳಬೇಡ, ಹಕ್ಕಲು ಬಡವರಿಗೆ ಬಿಡು. ಕಿವುಡನನ್ನು ಬೈಯಬೇಡ. ತಕ್ಕಡಿ, ತೂಕದ ಕಲ್ಲು ಸರಿ ಇರಲಿ. ಪ್ರೀತಿಯ ಮಾತು ಬಂದಿರುವುದೇ ಹೊಲ, ಸಂತೆ, ಕೂಲಿ ಲೆಕ್ಕದ ನಡುವೆ. ನಾವು ಅದನ್ನು ಅಲ್ಲಿಂದ ಕಿತ್ತು, ಫ್ರೇಮ್ ಹಾಕಿಸಿ ಗೋಡೆಗೆ ನೇತು ಹಾಕಿದ್ದೇವೆ.

ಬೆಳಗಾವಿಯಲ್ಲಿ ಮನೆ ಕಟ್ಟಿಸುವವರಿಗೆ ಶನಿವಾರ ಸಂಜೆ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಅವತ್ತು ಬಟವಾಡೆ, ವಾರದ ಕೂಲಿ ಕೊಡುವ ದಿನ. ನಮ್ಮ ಓಣಿಯಲ್ಲೇ ಒಂದು ಮನೆ ಏಳುತ್ತಿದೆ. ಮಾಲೀಕರು ಒಳ್ಳೆಯವರೇ, ಪ್ರತಿ ಭಾನುವಾರ ಆರಾಧನೆಗೆ ಬರುವವರು. ಗೌಂಡಿ ಕೈಕಾಲು ತೊಳೆದು ನಿಂತಿದ್ದ. ಪಕ್ಕದಲ್ಲಿ ಕಲ್ಲು-ಉಸುಕು ಹೊರುವ ಹೆಣ್ಣುಮಗಳು, ಸಂತೆಯ ಚೀಲವನ್ನು ಮಡಚಿ ಆಗಲೇ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಮಾಲೀಕರು ಮೊಬೈಲ್ ನೋಡುತ್ತಾ "ಸೋಮವಾರ ನೋಡೂಣು" ಅಂದರು. ಅವಳು "ಇವತ್ತ ಸಂತಿ ಐತ್ರೀ ಅಣ್ಣಾರ" ಅಂದಳು. ಅಷ್ಟೇ. ಜಗಳ ಇಲ್ಲ, ಬೈಗುಳ ಇಲ್ಲ. ಚೀಲ ಹಾಗೇ ಮಡಚಿಕೊಂಡು ಹೋದಳು.

ಆ ಮಾಲೀಕರನ್ನು ಕೆಟ್ಟವರು ಅನ್ನಲು ನನಗೆ ಮನಸ್ಸಿಲ್ಲ. ಅವರು ಮೋಸ ಮಾಡುವವರಲ್ಲ, ಸೋಮವಾರ ಕೊಟ್ಟೇ ಕೊಡುತ್ತಾರೆ. ಅದಕ್ಕೇ ಇದು ಪಾಪ ಅಂತ ಅವರಿಗೆ ಅನ್ನಿಸುವುದೇ ಇಲ್ಲ. ಆದರೆ ಜ್ಞಾನೋಕ್ತಿಗಳು 3ನೇ ಅಧ್ಯಾಯದ 28ನೇ ವಚನ ಈ ಸಂಜೆಯನ್ನೇ ನೋಡಿ ಬರೆದ ಹಾಗಿದೆ. ಕೊಡಬೇಕಾದದ್ದು ನಿನ್ನ ಹತ್ತಿರ ಇರುವಾಗ ನೆರೆಯವನಿಗೆ 'ಹೋಗಿ ಬಾ, ನಾಳೆ ಕೊಡುತ್ತೇನೆ' ಅನ್ನಬೇಡ. 'ನಿನ್ನ ಹತ್ತಿರ ಇರುವಾಗ' ಅನ್ನುವುದು ಮುಖ್ಯ. ನಿಜವಾಗಿ ದುಡ್ಡು ಇಲ್ಲದವನ ಸಂಕಟ ಬೇರೆ. ಅಂಥವನು ಬುಧವಾರವೇ ಹೇಳಬೇಕು, ಶನಿವಾರ ಸಂಜೆ ಆರಕ್ಕಲ್ಲ.

ಧರ್ಮೋಪದೇಶಕಾಂಡ 24 ಇನ್ನೂ ಬಿಗಿ. ಹೊತ್ತು ಮುಳುಗುವ ಮುಂಚೆ ಕೊಡು, ಅವನು ಬಡವ, ಅದರ ಮೇಲೇ ಜೀವ ಇಟ್ಟುಕೊಂಡಿದ್ದಾನೆ ಅನ್ನುತ್ತದೆ. ನಿಮ್ಮವನೇ ಆಗಿರಲಿ, ಪರದೇಶಿಯೇ ಆಗಿರಲಿ, ಇಬ್ಬರಿಗೂ ಒಂದೇ. ಟೈಲ್ಸ್ ಹಾಕಲು ಬರುವ ರಾಜಸ್ಥಾನದ ಹುಡುಗರಿಗೆ ಇದನ್ನು ಅನ್ವಯಿಸಿ ನೋಡಿ. ಅವರು ಓಣಿಯಲ್ಲಿ ಯಾರ ಮುಂದೆ ಹೇಳಿಕೊಳ್ಳಬೇಕು?

ಇಷ್ಟು ಹೇಳಿದರೆ ಒಬ್ಬರಾದರೂ "ಇದೆಲ್ಲ ಹಳೇ ಒಡಂಬಡಿಕೆ, ನಾವು ಕೃಪೆಯ ಕೆಳಗಿದ್ದೇವೆ" ಅನ್ನುತ್ತಾರೆ. ಸರಿ, ಹೊಸದಕ್ಕೇ ಬನ್ನಿ. ಮತ್ತಾಯ 20ರ ದ್ರಾಕ್ಷಿ ತೋಟದ ಕಥೆ. ಬೆಳಿಗ್ಗೆ ಬಂದವನಿಗೂ ಸಂಜೆ ಬಂದವನಿಗೂ ಒಂದೇ ಬೆಳ್ಳಿ ನಾಣ್ಯ, ಅಂದರೆ ಒಂದು ದಿನದ ಕೂಲಿ. ಇದು ನ್ಯಾಯವಾ ಅಂತ ಬೈಬಲ್ ಕ್ಲಾಸಿನಲ್ಲಿ ಗಂಟೆಗಟ್ಟಲೆ ಚರ್ಚೆ ಆಗುತ್ತದೆ. ಸಂಜೆಯಾದ ಕೂಡಲೇ ಯಜಮಾನ ಪಾರುಪತ್ಯಗಾರನನ್ನು ಕರೆದು 'ಎಲ್ಲರ ಕೂಲಿ ಕೊಡು' ಅನ್ನುತ್ತಾನಲ್ಲ, ಆ ಸಾಲನ್ನು ಯಾರೂ ನೋಡುವುದಿಲ್ಲ. ಯಾಕೋಬನ ಪತ್ರದ 5ನೇ ಅಧ್ಯಾಯವಂತೂ ನಮ್ಮ ಜಿಲ್ಲೆಗೇ ಬರೆದಂತಿದೆ. ನಿಮ್ಮ ಹೊಲ ಕೊಯ್ದವರಿಂದ ನೀವು ತಡೆಹಿಡಿದ ಕೂಲಿಯೇ ಕೂಗುತ್ತಿದೆ ಅನ್ನುತ್ತಾನೆ.

ಇಲ್ಲಿ ಕಬ್ಬಿನ ಬಿಲ್ ಬಾಕಿ ಅಂದರೆ ಊರಿಗೆ ಊರೇ ರಸ್ತೆಗೆ ಇಳಿಯುತ್ತದೆ. ಇಳಿಯಲೇಬೇಕು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ 14 ದಿನದೊಳಗೆ ದುಡ್ಡು ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15ರ ಬಡ್ಡಿ. ಆದರೆ ಅದೇ ಹೊಲದಲ್ಲಿ ಕಸ ತೆಗೆದ ಹೆಣ್ಣಾಳುಗಳಿಗೆ "ಬಿಲ್ ಬರಲಿ, ಕೊಡೂಣು" ಅನ್ನುವವರೂ ಇದ್ದಾರೆ. ಅವರ 14 ದಿನವನ್ನು ಎಣಿಸುವವರು ಯಾರು? ಜನ ನಿಮಗೆ ಏನು ಮಾಡಬೇಕೆಂದು ಬಯಸುತ್ತೀರೋ ಅದನ್ನೇ ನೀವು ಅವರಿಗೆ ಮಾಡಿ ಅಂದ ಯೇಸು ಇಂಥ ಕಡೆಯೇ ಕೈಗೆ ಸಿಗುತ್ತಾನೆ. ಕಾರ್ಖಾನೆಯಿಂದ ನಿಮಗೇನು ಬೇಕು ಅಂತ ನಿಮಗೆ ಚೆನ್ನಾಗಿ ಗೊತ್ತಲ್ವಾ? (ನಮ್ಮ ಲಿಂಗಾಯತ ಗೆಳೆಯರಿಗೆ ಇದೇನು ಹೊಸ ಮಾತಲ್ಲ. ಗಂಡ ಹೆಚ್ಚಿಗೆ ತಂದ ಅಕ್ಕಿಯನ್ನು ವಾಪಸ್ ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆ ಕೇಳಿ ಬೆಳೆದವರು ಅವರು.)

ಪಾಸ್ಟರುಗಳಿಗೂ ಒಂದು ಮಾತು, ಬೇಜಾರಾಗಬೇಡಿ. ದಶಮಾಂಶದ, ಅಂದರೆ ದುಡಿಮೆಯ ಹತ್ತನೇ ಒಂದು ಪಾಲು ದೇವರಿಗೆ ಕೊಡಿ ಅನ್ನುವ ಪ್ರಸಂಗಕ್ಕೆ ಮಲಾಕಿಯ 3ನೇ ಅಧ್ಯಾಯದ 10ನೇ ವಚನ ತಪ್ಪದೆ ಬರುತ್ತದೆ. ಐದು ವಚನ ಮೇಲೆ ಹೋಗಿ. ಕೂಲಿಯವನ ಕೂಲಿಯಲ್ಲಿ ಅನ್ಯಾಯ ಮಾಡುವವರ ವಿರುದ್ಧ ನಾನೇ ಸಾಕ್ಷಿ ನಿಲ್ಲುತ್ತೇನೆ ಅಂತ ದೇವರು ಹೇಳುತ್ತಾನೆ. ಮೊದಲು 5, ಆಮೇಲೆ 10. ಭಾನುವಾರದ ಕಾಣಿಕೆ ಚೀಲಕ್ಕೆ ಬೀಳುವ ನೋಟು ಶನಿವಾರ ಯಾರ ಕೈಗೆ ಹೋಗಬೇಕಿತ್ತು ಅಂತ ವೇದಿಕೆಯಿಂದ ಒಮ್ಮೆಯಾದರೂ ಕೇಳಿ. ಅಪ್ಪ-ಅಮ್ಮನಿಗೆ ಕೊಡಬೇಕಾದದ್ದನ್ನು 'ಕೊರ್ಬಾನ್, ಇದು ದೇವರಿಗೆ ಕೊಟ್ಟದ್ದು' ಅಂತ ಹೇಳಿ ತಪ್ಪಿಸಿಕೊಳ್ಳುವವರನ್ನು ಯೇಸು ಮಾರ್ಕ 7ರಲ್ಲಿ ಬಿಟ್ಟಿಲ್ಲ.

ಎಲ್ಲವೂ ಇಷ್ಟು ಸಲೀಸಾಗಿ ಬಗೆಹರಿಯುತ್ತದೆ ಅಂತಲ್ಲ. ಶನಿವಾರ ಕೈಗೆ ದುಡ್ಡು ಬಂದ ಕೂಡಲೇ ನೇರ ಬಾರಿಗೆ ಹೋಗುವ ಗೌಂಡಿ ಇದ್ದಾನೆ ಅಂದುಕೊಳ್ಳಿ. ಹೆಂಡತಿ ಬಂದು "ಅವರ ಕೈಯಾಗ ಕೊಡಬ್ಯಾಡ್ರಿ, ನನಗ ಕೊಡ್ರಿ" ಅನ್ನುತ್ತಾಳೆ. ವಚನ ಪಾಲಿಸಿದರೆ ಮಕ್ಕಳು ಉಪವಾಸ, ತಡೆಹಿಡಿದರೆ ಅವನ ದುಡಿಮೆಯ ಮೇಲೆ ನನ್ನ ದಣಿಗಿರಿ. ನನ್ನ ಪ್ರಕಾರ ಸೋಮವಾರ ಬೆಳಿಗ್ಗೆ, ಅವನು ನೆಟ್ಟಗಿರುವಾಗ, ಅವನನ್ನೇ ಕೇಳಬೇಕು: ಅರ್ಧ ಮನೆಯವರ ಫೋನ್‌ಪೇಗೆ ಹಾಕಲಾ? ಹೂಂ ಅಂದರೆ ಹಾಗೇ ಮಾಡುವುದು. ಉಹೂಂ ಅಂದರೆ ಪೂರ್ತಿ ಅವನ ಕೈಗೇ, ಅದೂ ಶನಿವಾರವೇ. ನನ್ನ ಹೆಂಡತಿ ಇದನ್ನು ಒಪ್ಪುವುದಿಲ್ಲ. ಮಕ್ಕಳ ಹೊಟ್ಟೆಯ ವಿಷಯದಲ್ಲಿ ಅವನ ಒಪ್ಪಿಗೆ ಯಾಕೆ ಬೇಕು ಅಂತ ಅವಳ ವಾದ. ನಿಮ್ಮ ಮನೆಯಲ್ಲಿ ಹೇಗೆ ಮಾಡುತ್ತೀರಿ, ಹೇಳಿ.