ಬಫರ್ಡ್ ವಿಟಮಿನ್ ಸಿ: ಹೊಟ್ಟೆ ಉರಿಯದಿದ್ದರೆ ಎಷ್ಟು ಬೇಕಾದರೂ ನುಂಗಬಹುದಾ?

ಇತ್ತೀಚೆಗೆ ಎಷ್ಟೋ ಮನೆಗಳಲ್ಲಿ ಒಂದು ದೊಡ್ಡ ಡಬ್ಬಿ ಕಾಣುತ್ತಿದೆ. ಅಮೆರಿಕದಿಂದ ಬಂದ ಮಗನೋ ಮಗಳೋ ತಂದುಕೊಟ್ಟಿದ್ದು, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಿದ್ದು. ಮೇಲೆ 'ಬಫರ್ಡ್ ವಿಟಮಿನ್ ಸಿ, 1000 ಮಿಲಿಗ್ರಾಂ' ಅಂತ ಇರುತ್ತದೆ. ಪಕ್ಕದಲ್ಲೇ 'ನಾನ್ ಆಸಿಡಿಕ್', 'ಜೆಂಟಲ್ ಆನ್ ಸ್ಟಮಕ್' ಅನ್ನುವ ಮಾತು. ಗ್ಯಾಸ್ಟ್ರಿಕ್ ಇರುವವರಿಗೆ ಇಷ್ಟು ಓದಿದರೆ ಸಾಕು, ಧೈರ್ಯ ಬಂದುಬಿಡುತ್ತದೆ. ಅಪ್ಪ ಅಮ್ಮ ತಿಂಡಿಯಾದ ಮೇಲೆ ಒಂದೊಂದು ನುಂಗುತ್ತಾರೆ. ನೆಗಡಿ ಶುರುವಾದರೆ ಎರಡು. ಡಾಕ್ಟರನ್ನು ಯಾರೂ ಕೇಳಿರುವುದಿಲ್ಲ. ವಿಟಮಿನ್ ತಾನೇ, ಏನಾಗುತ್ತದೆ ಅನ್ನುವ ಧೋರಣೆ.

ನನಗೆ ಇದರ ಬಗ್ಗೆ ನಿಜವಾಗಿ ಚಿಂತೆ ಇದೆ. ಬಫರ್ಡ್ ವಿಟಮಿನ್ ಸಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದು ಮಾಡುವ ಕೆಲಸ ಚಿಕ್ಕದು, ಜನ ಅದರ ಮೇಲೆ ಇಟ್ಟಿರುವ ನಂಬಿಕೆ ಜಾಸ್ತಿ.

ವಿಟಮಿನ್ ಸಿ ಅಂದರೆ ಆಸ್ಕಾರ್ಬಿಕ್ ಆಸಿಡ್. ಹುಳಿ ವಸ್ತು. ಅದನ್ನು ಸೋಡಿಯಂ, ಕ್ಯಾಲ್ಸಿಯಂ, ಕೆಲವು ಸಲ ಪೊಟ್ಯಾಸಿಯಂ ಅಥವಾ ಮೆಗ್ನೀಸಿಯಂ ಜೊತೆ ಸೇರಿಸಿ ಲವಣ ಮಾಡಿದರೆ ಹುಳಿ ತಗ್ಗುತ್ತದೆ. ಸೋಡಿಯಂ ಆಸ್ಕಾರ್ಬೇಟ್, ಕ್ಯಾಲ್ಸಿಯಂ ಆಸ್ಕಾರ್ಬೇಟ್ ಅಂತ ಡಬ್ಬಿಯ ಹಿಂದೆ ಬರೆದಿರುವುದು ಇದನ್ನೇ, ಬಫರ್ಡ್ ಅನ್ನುವುದೂ ಇದಕ್ಕೇ. ಇದು ಹೊಸ ಸಂಶೋಧನೆ ಏನಲ್ಲ. 2020ರಲ್ಲಿ ಕೊರೋನಾ ಬಂದಾಗ ನಾವೆಲ್ಲ ಮೆಡಿಕಲ್ ಶಾಪಿನಿಂದ ತಂದಿಟ್ಟುಕೊಂಡ ಕಿತ್ತಳೆ ಬಣ್ಣದ ಮಾತ್ರೆ ನೆನಪಿದೆಯಲ್ಲ, ಅಗಿದು ತಿನ್ನುವುದು? ಅದರ ಸ್ಟ್ರಿಪ್ ತಿರುಗಿಸಿ ಓದಿ. 500 ಮಿಲಿಗ್ರಾಂನ ಅಂಥ ಮಾತ್ರೆಗಳಲ್ಲಿ ಎಷ್ಟೋ ಸಲ ದೊಡ್ಡ ಪಾಲು ಸೋಡಿಯಂ ಆಸ್ಕಾರ್ಬೇಟೇ. ಬಫರ್ಡ್ ಅನ್ನುವ ಹೆಸರಿಲ್ಲದೆ ನಾವು ಅದನ್ನು ಮೊದಲೇ ತಿಂದಿದ್ದೇವೆ.

ಇದರಿಂದ ಲಾಭ ಏನು? ಬರೀ ಆಸ್ಕಾರ್ಬಿಕ್ ಆಸಿಡ್ ತಿಂದರೆ ಎದೆ ಉರಿ, ಹೊಟ್ಟೆ ಉರಿ ಬರುವ ಕೆಲವರಿಗೆ ಬಫರ್ಡ್ ತಿಂದಾಗ ಅದು ಕಡಿಮೆ ಆಗುತ್ತದೆ. ಕೆಲವು ಸಣ್ಣ ಅಧ್ಯಯನಗಳಲ್ಲೂ ಹಾಗೇ ಕಂಡಿದೆ. ದೊಡ್ಡ ಮಟ್ಟದ ಪುರಾವೆ ಇಲ್ಲ, ಆದರೂ ಅನುಭವಿಸಿದವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹಲ್ಲಿನ ವಿಷಯದಲ್ಲೂ ಅನುಕೂಲ ಇದೆ. ಹುಳಿ ಮಾತ್ರೆಯನ್ನು ದಿನಾ ಬಾಯಲ್ಲಿಟ್ಟು ಚೀಪಿದರೆ ಹಲ್ಲಿನ ಎನಾಮೆಲ್ ಸವೆಯುತ್ತದೆ. ಹುಳಿ ಕಡಿಮೆ ಇದ್ದರೆ ಆ ತೊಂದರೆಯೂ ಕಡಿಮೆ.

ಅದರಾಚೆಗೆ ಹೆಚ್ಚೇನೂ ಇಲ್ಲ. ಹೊಟ್ಟೆಯೊಳಗೆ ಇರುವ ಹೈಡ್ರೋಕ್ಲೋರಿಕ್ ಆಸಿಡ್ ಈ ಮಾತ್ರೆಗಿಂತ ಎಷ್ಟೋ ಪಾಲು ಪ್ರಬಲ. ಬಫರ್ಡ್ ಮಾತ್ರೆ ಅಲ್ಲಿ ಕರಗಿದಾಗ ಬಹುಪಾಲು ಮತ್ತೆ ಆಸ್ಕಾರ್ಬಿಕ್ ಆಸಿಡ್ಡೇ ಆಗುತ್ತದೆ. ಮುಂದೆ ಕರುಳಿಗೆ ಹೋದಾಗ ಎರಡೂ ಬಗೆಯ ಮಾತ್ರೆ ಆಸ್ಕಾರ್ಬೇಟ್ ರೂಪಕ್ಕೆ ಬರುತ್ತವೆ. ಅಂದರೆ ರಕ್ತಕ್ಕೆ ಸೇರುವ ವಸ್ತು ಒಂದೇ.

ವಸ್ತು ಒಂದೇ ಅಂದ ಮೇಲೆ ಜಾಸ್ತಿಯಾದರೆ ಆಗುವ ತೊಂದರೆಯೂ ಒಂದೇ. ಇದನ್ನು ಡಬ್ಬಿ ಮಾರುವವರು ಹೇಳುವುದಿಲ್ಲ. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿರುವ ಪ್ರಮಾಣ ಗಂಡಸರಿಗೆ ದಿನಕ್ಕೆ 80 ಮಿಲಿಗ್ರಾಂ, ಹೆಂಗಸರಿಗೆ 65. ಅಮೆರಿಕದಲ್ಲಿ ದೊಡ್ಡವರು ದಿನಕ್ಕೆ 2000 ಮಿಲಿಗ್ರಾಂ ದಾಟಬಾರದು ಅಂತ ಮಿತಿ ಇಟ್ಟಿದ್ದಾರೆ. ಒಂದು ಸಾವಿರದ ಮಾತ್ರೆ ಅಂದರೆ ನಮಗೆ ಬೇಕಾದ್ದಕ್ಕಿಂತ ಹನ್ನೆರಡು ಪಟ್ಟಿಗೂ ಹೆಚ್ಚು. ಅಷ್ಟನ್ನು ದೇಹ ತೆಗೆದುಕೊಳ್ಳುತ್ತದಾ ಅಂದರೆ ಅದೂ ಇಲ್ಲ. ಒಂದು ಗ್ರಾಂ ದಾಟಿದರೆ ಅರ್ಧಕ್ಕಿಂತ ಕಡಿಮೆ ಹೀರಿಕೊಳ್ಳುತ್ತದೆ. ಉಳಿದದ್ದು ಕರುಳಲ್ಲೇ ನಿಂತು ನೀರನ್ನು ಎಳೆದುಕೊಳ್ಳುತ್ತದೆ. ಅದಕ್ಕೇ ಲೂಸ್ ಮೋಷನ್ ಆಗುವುದು. ಬಫರ್ ಮಾಡಿದರೆ ಇದು ನಿಲ್ಲುವುದಿಲ್ಲ.

ಹೀರಿಕೊಂಡ ಪಾಲಿನಲ್ಲೂ ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ಅದರಲ್ಲಿ ಸ್ವಲ್ಪ ಆಕ್ಸಲೇಟ್ ಆಗಿ ಹೋಗುತ್ತದೆ. ಕಿಡ್ನಿ ಕಲ್ಲು ಬಂದವರಿಗೆ ಈ ಹೆಸರು ಚೆನ್ನಾಗಿ ಗೊತ್ತು, ಯಾಕಂದ್ರೆ ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟಿನವೇ. ಸ್ವೀಡನ್‌ನಲ್ಲಿ ಸುಮಾರು 23 ಸಾವಿರ ಗಂಡಸರನ್ನು ಹನ್ನೊಂದು ವರ್ಷ ಗಮನಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ವಿಟಮಿನ್ ಸಿ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ಕಲ್ಲು ಬರುವ ಸಾಧ್ಯತೆ ಸುಮಾರು ಎರಡು ಪಟ್ಟು ಕಂಡಿತು. ಮಾತ್ರೆಯೇ ಕಾರಣ ಅಂತ ಇಷ್ಟರಿಂದಲೇ ಸಾಬೀತಾಗುವುದಿಲ್ಲ. ಆದರೆ ಬೇಸಿಗೆಯಲ್ಲಿ ಬೆವರು ಸುರಿಸಿಕೊಂಡು, ನೀರು ಕುಡಿಯಲು ಮರೆಯುವ ಊರುಗಳಲ್ಲಿ ಇರುವ ನಾವು ಅದನ್ನು ಹಗುರವಾಗಿ ನೋಡಬಾರದು. ಹೊಟ್ಟೆ ಉರಿ ಬಂದರೆ ಮಾತ್ರೆ ಕಡಿಮೆ ಮಾಡುತ್ತಿದ್ದೆವು. ಬಫರ್ಡ್‌ನಲ್ಲಿ ಉರಿ ಇಲ್ಲ, ಹಾಗಾಗಿ ಪ್ರಮಾಣ ಏರುತ್ತಾ ಹೋಗುತ್ತದೆ. ನನ್ನ ಮುಖ್ಯ ಆತಂಕ ಇದೇ.

ಇನ್ನೊಂದು ವಿಷಯ, ವಿಟಮಿನ್ ಸಿ ಜೊತೆ ಬರುವ ಲೋಹ. ಒಂದು ಗ್ರಾಂ ಸೋಡಿಯಂ ಆಸ್ಕಾರ್ಬೇಟ್‌ನಲ್ಲಿ ಸುಮಾರು 116 ಮಿಲಿಗ್ರಾಂ ಸೋಡಿಯಂ ಇರುತ್ತದೆ. ದಿನಕ್ಕೆ 2000 ಮಿಲಿಗ್ರಾಂ ಒಳಗೆ ಸೋಡಿಯಂ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಮಾತ್ರೆಯಿಂದ ಏನೂ ಆಗದು. ದಿನಾ ಎರಡು ಮೂರು, ಜೊತೆಗೆ ನೀರಲ್ಲಿ ಬುಸ್ಸೆಂದು ಕರಗುವ ಮಾತ್ರೆಯೂ ಅಂದರೆ ಲೆಕ್ಕ ಬೇರೆ. ಆ ಕರಗುವ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಸೋಡಾ ಇರುತ್ತದೆ, ಅದರಿಂದ ಬರುವ ಸೋಡಿಯಂ ಇನ್ನೂ ಜಾಸ್ತಿ. ನಮ್ಮಮ್ಮನಿಗೆ ಬಿಪಿ ಇದೆ. ಉಪ್ಪಿನಕಾಯಿ, ಹಪ್ಪಳ ಬಿಡಿಸಲು ಮನೆಯವರೆಲ್ಲ ಎಷ್ಟು ಕಷ್ಟಪಟ್ಟಿದ್ದೇವೆ. ಹಾಗಿರುವಾಗ ಮಾತ್ರೆಯ ರೂಪದಲ್ಲಿ ಉಪ್ಪಿನಂಶ ಒಳಗೆ ಹೋಗುವುದನ್ನು ನೋಡಿಕೊಂಡು ಇರಲು ನನ್ನಿಂದ ಆಗುವುದಿಲ್ಲ.

ಪೊಟ್ಯಾಸಿಯಂ ಇರುವ ಪುಡಿಗಳ ಬಗ್ಗೆ ಇನ್ನೂ ಎಚ್ಚರ ಬೇಕು. ಕಿಡ್ನಿ ತೊಂದರೆ ಇರುವವರಿಗೆ, ಬಿಪಿಗೆ ಟೆಲ್ಮಿಸಾರ್ಟನ್, ರಾಮಿಪ್ರಿಲ್ ಥರದ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತಕ್ಕೇ ಅಪಾಯ. ಡಾಕ್ಟರನ್ನು ಕೇಳದೆ ಮುಟ್ಟಲೇಬೇಡಿ. ಕ್ಯಾಲ್ಸಿಯಂ ಆಸ್ಕಾರ್ಬೇಟ್ ಆದರೆ ಥೈರಾಯ್ಡ್ ಮಾತ್ರೆಯ ಜೊತೆಗೆ ನುಂಗಬೇಡಿ. ನಡುವೆ ನಾಲ್ಕು ಗಂಟೆ ಬಿಡಿ, ಇಲ್ಲದಿದ್ದರೆ ಥೈರಾಯ್ಡ್ ಔಷಧಿ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಥಲಸ್ಸೀಮಿಯಾ ಅನ್ನುವ ಆನುವಂಶಿಕ ರಕ್ತದ ಕಾಯಿಲೆ ಇದ್ದು ಮೈಯಲ್ಲಿ ಕಬ್ಬಿಣ ತುಂಬಿಕೊಂಡವರು, ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಕಿಣ್ವದ ಕೊರತೆ ಇರುವವರು ಹೆಚ್ಚಿನ ಡೋಸ್ ತೆಗೆದುಕೊಳ್ಳುವ ಹಾಗೇ ಇಲ್ಲ.

ನೆಗಡಿಗೆ ಒಳ್ಳೆಯದಲ್ವಾ ಅಂತ ಕೇಳುವವರು ಇರುತ್ತಾರೆ. ಈ ನಂಬಿಕೆಯನ್ನು ಜಗತ್ತಿಗೆಲ್ಲ ಹಬ್ಬಿಸಿದವರು ಲೈನಸ್ ಪೌಲಿಂಗ್. 1954ರಲ್ಲಿ ರಸಾಯನಶಾಸ್ತ್ರಕ್ಕೆ, 1962ರ ಸಾಲಿನಲ್ಲಿ ಶಾಂತಿಗೆ ನೊಬೆಲ್ ಪಡೆದ ದೊಡ್ಡ ವಿಜ್ಞಾನಿ. ಅವರು ದಿನಾ ಗ್ರಾಂಗಟ್ಟಲೆ ತೆಗೆದುಕೊಳ್ಳುತ್ತಿದ್ದರು. ಆಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟು ಮಾಡಿ ನೋಡಿದ ವಿಮರ್ಶೆಯೊಂದು 2013ರಲ್ಲಿ ಬಂತು, ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕೊಕ್ರೇನ್ ಸಂಸ್ಥೆಯದ್ದು. ದಿನಾ ತೆಗೆದುಕೊಂಡರೂ ಸಾಮಾನ್ಯ ಜನರಿಗೆ ನೆಗಡಿ ಬರುವುದು ತಪ್ಪುವುದಿಲ್ಲ. ಬಂದ ನೆಗಡಿ ದೊಡ್ಡವರಲ್ಲಿ ಸುಮಾರು ಶೇಕಡ 8ರಷ್ಟು ಬೇಗ ಹೋಗುತ್ತದೆ, ಅಷ್ಟೇ. ನೆಗಡಿ ಶುರುವಾದ ಮೇಲೆ ನುಂಗಿದವರಲ್ಲಿ ಖಚಿತವಾದ ಲಾಭ ಕಾಣಲಿಲ್ಲ. ನಮ್ಮಲ್ಲಿ ಮಾಡುವುದು ಬಹುತೇಕ ಇದನ್ನೇ.

ಹಾಗಂತ ಮಾತ್ರೆ ಯಾರಿಗೂ ಬೇಡ ಅಂತಲ್ಲ. ಹಲ್ಲಿಲ್ಲದೆ ಬರೀ ಮೆತ್ತನೆ ಅನ್ನ ಸಾರು ತಿನ್ನುವ ಹಿರಿಯರು, ಹಣ್ಣು ತರಕಾರಿ ಮುಟ್ಟದವರು, ಸಿಗರೇಟು ಸೇದುವವರು, ಇವರಿಗೆ ನಿಜವಾಗಿ ಕೊರತೆ ಆಗಬಹುದು. ಅಂಥವರಿಗೆ ಹುಳಿ ಆಗದಿದ್ದರೆ ಬಫರ್ಡ್ ಒಳ್ಳೆಯ ಆಯ್ಕೆ. ಆದರೆ ಸಾವಿರ ಬೇಕಿಲ್ಲ. ದಿನಕ್ಕೆ 200ರಿಂದ 400 ಮಿಲಿಗ್ರಾಂ ಹೊತ್ತಿಗೆ ರಕ್ತದಲ್ಲಿ ಅದರ ಮಟ್ಟ ಹೆಚ್ಚುಕಡಿಮೆ ತುಂಬಿರುತ್ತದೆ. 500ರ ಅಗಿಯುವ ಮಾತ್ರೆಯಲ್ಲಿ ಅರ್ಧ ಮುರಿದು ಕೊಟ್ಟರೆ ಸಾಕು.

ಗ್ಯಾಸ್ಟ್ರಿಕ್ ಇರುವವರು ಸೀಬೆಹಣ್ಣನ್ನು ಯಾಕೆ ಮರೆಯುತ್ತಾರೋ ನನಗೆ ತಿಳಿಯದು. ಉತ್ತರ ಕರ್ನಾಟಕದವರು ಪೇರಲ ಅನ್ನುತ್ತಾರೆ. ನೂರು ಗ್ರಾಂ ಹಣ್ಣಲ್ಲಿ 200 ಮಿಲಿಗ್ರಾಂ ಆಸುಪಾಸು ವಿಟಮಿನ್ ಸಿ ಇರುತ್ತದೆ, ಮಾಗಿದ್ದರೆ ಹುಳಿಯೂ ಇರುವುದಿಲ್ಲ. ಬೇಯಿಸಿದರೆ ಈ ವಿಟಮಿನ್ ಹಾಳಾಗುತ್ತದೆ, ಅದಕ್ಕೇ ಚಿತ್ರಾನ್ನಕ್ಕೂ ಉಪ್ಪಿಟ್ಟಿಗೂ ಒಲೆ ಆರಿಸಿದ ಮೇಲೆ ನಿಂಬೆ ಹಿಂಡಿ. ರಾಗಿ, ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತಲೂ ಅದು ಸಹಾಯ ಮಾಡುತ್ತದೆ. ಒಮ್ಮೆ ಕಿಡ್ನಿ ಕಲ್ಲು ಬಂದು ಹೋದವರು ಮಾತ್ರ ಬಫರ್ಡ್ ಆಗಲಿ ಬೇರೆ ಆಗಲಿ, ಆ ಸಾವಿರದ ಡಬ್ಬಿಯನ್ನು ಇವತ್ತೇ ಪಕ್ಕಕ್ಕಿಟ್ಟು ಮೊದಲು ನಿಮ್ಮ ಡಾಕ್ಟರಿಗೆ ತೋರಿಸಿ.