ಮೇಜು ಮೊದಲ ದಿನವೇ ಬರಲಿ

ಫ್ರಾನ್ಸಿನ ಲಿಯೋನಿನಲ್ಲಿ ನಮ್ಮ ಬಡಾವಣೆಯ ಹವ್ಯಾಸಿ ತಂಡ ಮೋಲಿಯೇರನ ನಾಟಕ 'ತಾರ್ತುಫ್' ಎತ್ತಿಕೊಂಡಿದೆ. ರಂಗಸಜ್ಜಿಕೆಗೆ ನನ್ನನ್ನೂ ಸೇರಿಸಿಕೊಂಡರು. ಮೊದಲ ತಾಲೀಮಿಗೆ ಹೋದರೆ ಯಾರಿಗೂ ಮಾತು ಬಾಯಿಗೆ ಬಂದಿರಲಿಲ್ಲ, ಮೇಜು ಮಾತ್ರ ಬಂದಿತ್ತು! ಒರ್ಗಾನ್ ಪಾತ್ರದವರನ್ನು ಅದರ ಕೆಳಗೆ ಕೂರಿಸಿ ಬಡಗಿ ಎತ್ತರ ಅಳೆಯುತ್ತಿದ್ದ. "ಮಂಡಿ ನೋಯುತ್ತಾ?" ಅಂತ ಕೇಳುತ್ತಿದ್ದ. ನನಗೆ ಖುಷಿಯಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಈ ನಾಟಕ ನಮಗೆ ಹೊಸದಲ್ಲ. ಎ.ಎನ್. ಮೂರ್ತಿರಾಯರು 'ಆಷಾಢಭೂತಿ' ಮಾಡಿ ಕನ್ನಡಕ್ಕೆ ತಂದದ್ದು ಇದನ್ನೇ. ಭಕ್ತನ ಸೋಗಿನ ತಾರ್ತುಫ್ ಒರ್ಗಾನನ ಮನೆ ಸೇರಿ ಎಲ್ಲರ ತಲೆ ಮೇಲೆ ಕೂರುತ್ತಾನೆ. 1664ರಲ್ಲಿ ವರ್ಸೈಯಲ್ಲಿ ಆಡಿದ ಬೆನ್ನಿಗೇ ರಾಜ ಇದನ್ನು ಜನರೆದುರು ಆಡಬಾರದೆಂದ. ಪೂರ್ತಿ ಅನುಮತಿ ಸಿಕ್ಕಿದ್ದು 1669ರಲ್ಲಿ.

ನಾಲ್ಕನೇ ಅಂಕದಲ್ಲಿ ಹೆಂಡತಿ ಎಲ್ಮೀರ್ ಗಂಡನನ್ನು ಮೇಜಿನ ಕೆಳಗೆ ಬಚ್ಚಿಟ್ಟು ಆ ಡೋಂಗಿಯ ಬಾಯಿ ಬಿಡಿಸುತ್ತಾಳೆ. ಸನ್ನೆಗೆ ಕೆಮ್ಮುತ್ತಾಳೆ. ಗಂಡ ಹೊರಗೆ ಬರುವುದಿಲ್ಲ. ಮತ್ತೆ ಕೆಮ್ಮುತ್ತಾಳೆ. ಆಗ ಎಲ್ಲರ ಕಣ್ಣೂ ಮೇಜಿನ ಹೊದಿಕೆಯ ಮೇಲೇ. ಅದು ಗಿಡ್ಡವಾದರೆ ಒರ್ಗಾನನ ಕಾಲು ಕಾಣುತ್ತದೆ. ಜಾಸ್ತಿ ಉದ್ದವಾದರೆ ಎಲ್ಮೀರಳ ಕಾಲಿಗೆ ತೊಡರುತ್ತದೆ. 17ನೇ ಶತಮಾನದ ಪ್ಯಾರಿಸ್‌ನ ರಂಗಟಿಪ್ಪಣಿಯೊಂದು ಈ ನಾಟಕಕ್ಕೆ ಕೇಳುವುದು ಇಷ್ಟೇ: ಒಂದು ಕೋಣೆ, 2 ತೋಳುಕುರ್ಚಿ, ಮೇಜು, ಅದರ ಮೇಲೆ ಹೊದಿಕೆ, 2 ಮೇಣದಬತ್ತಿ ಸ್ಟ್ಯಾಂಡು, ಒಂದು ಕೋಲು. ಹೊದಿಕೆಯನ್ನೂ ಮರೆಯದೆ ಬರೆದಿದ್ದಾರೆ.

ನಮ್ಮ ತಂಡ ರಟ್ಟಿನಲ್ಲಿ ಪುಟ್ಟ ಮಾದರಿ ಮಾಡಿದೆ. ನೆಲಕ್ಕೆ ಟೇಪು ಅಂಟಿಸಿ ಗೋಡೆ ಗುರುತಿಸಿದೆ. ಮಗ ದಮೀಸ್ ಅಡಗುವ ಪಕ್ಕದ ಕೋಣೆಯ ಬಾಗಿಲು ಒಳಕ್ಕೆ ತೆರೆಯಬೇಕೋ ಹೊರಕ್ಕೋ ಅಂತ ಒಂದು ಸಂಜೆಯೆಲ್ಲ ವಾದ ನಡೆಯಿತು. ಯಾರೂ ಬೇಸರಪಡಲಿಲ್ಲ. 1950ರಲ್ಲಿ ಫ್ರೆಂಚ್ ನಿರ್ದೇಶಕ ಲೂಯಿ ಜುವೆ ಈ ನಾಟಕ ಆಡಿಸಿದಾಗ ರಂಗಸಜ್ಜಿಕೆ ಜಾರ್ಜ್ ಬ್ರಾಕ್‌ನದು. ಅಂಥ ದೊಡ್ಡ ಚಿತ್ರಕಾರನನ್ನು ಈ ಕೆಲಸಕ್ಕೆ ಕರೆಯುವ ದೇಶ ಇದು.

ಬೆಂಗಳೂರಿನಲ್ಲಿ ನಾನಿದ್ದ ತಂಡದಲ್ಲಿ ಸೆಟ್ಟು ಬರುತ್ತಿದ್ದದ್ದು ಪ್ರದರ್ಶನದ ಬೆಳಿಗ್ಗೆ. ಸಂಜೆವರೆಗೂ ಮೊಳೆ ಹೊಡೆಯುವ ಸದ್ದು. ಒಮ್ಮೆ ನಾಯಕ ತಳ್ಳಬೇಕಾದ ಬಾಗಿಲನ್ನು ಎಳೆದ, ಗೋಡೆಯೇ ಅಲುಗಾಡಿತು. ತಿಂಗಳುಗಟ್ಟಲೆ ಖಾಲಿ ಜಾಗದಲ್ಲಿ ಕೈಯಾಡಿಸಿ ಕಲಿತವನಿಗೆ ಆ ಬಾಗಿಲು ಹೇಗೆ ಗೊತ್ತಿರಬೇಕು? ಕೇಳಿದರೆ "ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್" ಅನ್ನುತ್ತಿದ್ದರು. ನಟರು ಅಷ್ಟು ಚೆನ್ನಾಗಿ ಆಡುತ್ತಿದ್ದರು, ಅದಕ್ಕೇ ಇನ್ನೂ ಸಂಕಟವಾಗುತ್ತದೆ.

ಇಲ್ಲಿ ತಾಲೀಮಿನ ಕೋಣೆಯನ್ನು ಪುರಸಭೆ ಕೊಟ್ಟಿದೆ, ಮೇಜು ಅಲ್ಲೇ ಇರುತ್ತದೆ. ಬೆಂಗಳೂರಿನ ನಮ್ಮವರು ಶಾಲೆಯ ಕೊಠಡಿಯಲ್ಲಿ ತಾಲೀಮು ಮಾಡಿ, ಹೊರಡುವಾಗ ಬೆಂಚು ಮೊದಲಿದ್ದ ಹಾಗೇ ಜೋಡಿಸಿ ಬರಬೇಕು. ಇದನ್ನು ಒಪ್ಪಲೇಬೇಕು. ನೀನಾಸಂ ತಿರುಗಾಟದ ಹಾಗೆ ಊರೂರು ಸುತ್ತುವ ನಾಟಕಕ್ಕೆ ಭಾರದ ಸಾಮಾನು ಒಗ್ಗುವುದೂ ಇಲ್ಲ. ಯಕ್ಷಗಾನಕ್ಕಂತೂ ಒಂದು ರಥ ಸಾಕು, ಅದೇ ಸಿಂಹಾಸನ. ಆದರೆ ಒರ್ಗಾನ್ ಅಡಗಲು ನಿಜವಾದ ಮೇಜೇ ಬೇಕಲ್ವಾ?

ಬೆಂಗಳೂರಿನ ಗೆಳೆಯರು 'ಆಷಾಢಭೂತಿ' ಮಾಡುವ ಮಾತಾಡುತ್ತಿದ್ದಾರೆ. ಯಾರದಾದರೂ ಮನೆಯ ಹಳೇ ಮೇಜನ್ನು ಮೊದಲ ದಿನವೇ ತರಿಸಿ, ಇಡಲು ಜಾಗ ಬಾಡಿಗೆಗೆ ಹಿಡಿಯಿರಿ, ಆ ಬಾಡಿಗೆ ನಾನು ಕಟ್ಟುತ್ತೇನೆ ಎಂದು ಬರೆದಿದ್ದೇನೆ.