ಕೋಳಿ ಹಿಂದೆ ಓಡಿದರೆ ಸಿಗುತ್ತಾ?

ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು. ಸಂಜೆ ಕೋಳಿಯನ್ನು ಮಂಕರಿಯೊಳಗೆ ಹಾಕಬೇಕಾದರೆ ಅದರ ಹಿಂದೆ ಓಡಬಾರದು. ಓಡಿದರೆ ಕಾಲ ಸಂದಿಯಲ್ಲೇ ನುಸುಳಿ ಹಿತ್ತಿಲು ಸೇರುತ್ತದೆ. ಮೂರು ನಾಲ್ಕು ಜನ ಕೈ ಅಗಲಿಸಿಕೊಂಡು, ಮೆಲ್ಲಗೆ ಗೋಡೆ ಮೂಲೆಗೆ ಒತ್ತರಿಸಬೇಕು. ಅಮೆರಿಕನ್ ಫುಟ್‌ಬಾಲ್ ನೋಡುವಾಗ ನನಗೆ ಇದೇ ನೆನಪಾಗುತ್ತದೆ. ನಗಬೇಡಿ.

ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ಸಾಮಾನ್ಯವಾಗಿ ಎದುರು ತಂಡದ ನಾಲ್ಕು ಜನ ನುಗ್ಗುತ್ತಾರೆ. ಉಳಿದ ಏಳು ಜನ ಹಿಂದೆ ನಿಂತು ಪಾಸ್ ಕಾಯುತ್ತಾರೆ. ಐದನೆಯವನೋ ಆರನೆಯವನೋ ಸೇರಿಕೊಂಡರೆ ಅದು ಬ್ಲಿಟ್ಜ್. ನಿಂತಲ್ಲೇ ನಿಲ್ಲುವ ಕ್ವಾರ್ಟರ್‌ಬ್ಯಾಕ್‌ಗೆ ಇದು ತಲೆನೋವು. ಕಾಲು ಚುರುಕಾದವನಿಗೆ? ಎಷ್ಟೋ ಸಲ ಹಬ್ಬ.

ಯಾಕೆಂದರೆ ಜಾಸ್ತಿ ಜನ ನುಗ್ಗಿದಷ್ಟೂ ಹಿಂದೆ ಉಳಿಯುವವರು ಕಡಿಮೆ. ಅವರು ಪಾಸ್ ಹಿಡಿಯಲು ಓಡುವ ಒಬ್ಬೊಬ್ಬ ರಿಸೀವರ್‌ಗೆ ಅಂಟಿಕೊಂಡು ಓಡಬೇಕು. ಹಾಗೆ ಓಡುವವನ ಬೆನ್ನು ಕ್ವಾರ್ಟರ್‌ಬ್ಯಾಕ್ ಕಡೆಗಿರುತ್ತದೆ. ನುಗ್ಗಿದವರಲ್ಲಿ ಒಬ್ಬ ಆಸೆಬಿದ್ದು ತನ್ನ ಜಾಗ ಬಿಟ್ಟು ಒಳಗೆ ಸರಿದರೂ ಮುಗಿಯಿತು. ರೇವನ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್ ಆ ಸಂದಿಯಿಂದ ಹೊರಬಿದ್ದರೆ ಮುಂದೆಲ್ಲ ಖಾಲಿ ಮೈದಾನ. 2019ರಲ್ಲಿ ಅವನು ಓಡಿಯೇ 1,206 ಗಜ ಗಳಿಸಿದ. ಅದುವರೆಗೆ ಯಾವ ಕ್ವಾರ್ಟರ್‌ಬ್ಯಾಕೂ ಒಂದು ಸೀಸನ್‌ನಲ್ಲಿ ಅಷ್ಟು ಓಡಿರಲಿಲ್ಲ.

"ಹಾಗಾದ್ರೆ ಮಯಾಮಿ ಮ್ಯಾಚ್ ಏನು?" ಅಂತ ನನ್ನ ಗೆಳೆಯ ಪ್ರತಿ ಸಲ ಕೇಳುತ್ತಾನೆ. ನ್ಯಾಯವಾದ ಪ್ರಶ್ನೆ. 2021ರ ನವೆಂಬರ್‌ನಲ್ಲಿ ಮಯಾಮಿಯ ಡಾಲ್ಫಿನ್ಸ್ ತಂಡ ಇದೇ ಲಮಾರ್ ಮೇಲೆ ಬಿಡದೆ ಬ್ಲಿಟ್ಜ್ ಮಾಡಿ, ರೇವನ್ಸ್ ತಂಡವನ್ನು 22-10ರಿಂದ ಸೋಲಿಸಿತು. ಹಿಂದೆ ಕೊನೆಯ ಕಾವಲಿಗೆ ನಿಲ್ಲುವ ಸೇಫ್ಟಿ ಒಬ್ಬನೂ ಇಲ್ಲ, ಅಷ್ಟು ಧೈರ್ಯ! ಆದರೆ ಅಲ್ಲಿ ಗೆದ್ದಿದ್ದು ಬರೀ ನುಗ್ಗಾಟ ಅಲ್ಲ, ಗೊಂದಲ. ಸ್ನ್ಯಾಪ್‌ಗೆ, ಅಂದರೆ ಚೆಂಡು ಆಟಕ್ಕೆ ಬರುವುದಕ್ಕೆ ಮುಂಚೆ ಒಂದು ಗುಂಪೇ ಬಂದು ಎರಡೂ ತಂಡ ಎದುರುಬದುರು ನಿಲ್ಲುವ ಲೈನ್ ಹತ್ತಿರ ನಿಲ್ಲುತ್ತಿತ್ತು. ಯಾರು ಬರುತ್ತಾರೆ, ಯಾರು ಹಿಂದೆ ಸರಿಯುತ್ತಾರೆ, ಗೊತ್ತಾಗುತ್ತಿರಲಿಲ್ಲ. ಬಂದವರಲ್ಲಿ ಜೆವೊನ್ ಹಾಲೆಂಡ್, ಬ್ರ್ಯಾಂಡನ್ ಜೋನ್ಸ್ ಥರದ ಸೇಫ್ಟಿಗಳೂ ಇದ್ದರು. ಭಾರದ ಲೈನ್‌ಮ್ಯಾನ್‌ಗಳಲ್ಲ, ಓಟದಲ್ಲಿ ಲಮಾರ್‌ನನ್ನು ಅಟ್ಟಬಲ್ಲ ಹುಡುಗರು. ಕೋಳಿ ಹಿಡಿಯೋಕೆ ಕೋಳಿಯಷ್ಟೇ ಚುರುಕಾದವರನ್ನು ಕಳಿಸಿದ ಹಾಗೆ.

ಇನ್ನೊಂದು ದಾರಿ ನೋಡಿದ್ದು 2025ರ ಫೆಬ್ರವರಿಯಲ್ಲಿ. ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ, ಈಗಲ್ಸ್ ಮತ್ತು ಚೀಫ್ಸ್ ನಡುವೆ. ಅದು ನಮಗೆ ಸೋಮವಾರ ಬೆಳಗ್ಗೆ ಐದಕ್ಕೆ. ಕಾಫಿ ಲೋಟ ಹಿಡಿದು, ಮನೆಯವರು ಏಳಬಾರದೆಂದು ಸೌಂಡ್ ಕಡಿಮೆ ಮಾಡಿ ಕೂತಿದ್ದೆ. ಈಗಲ್ಸ್ ಡಿಫೆನ್ಸ್ ನಡೆಸುವ ಕೋಚ್ ವಿಕ್ ಫ್ಯಾಂಜಿಯೊ ಆ ಇಡೀ ಮ್ಯಾಚ್‌ನಲ್ಲಿ ಒಂದೇ ಒಂದು ಬ್ಲಿಟ್ಜ್ ಮಾಡಿಸಲಿಲ್ಲ. ಒಂದೂ ಇಲ್ಲ! ಆದರೂ ತಪ್ಪಿಸಿಕೊಳ್ಳುವುದರಲ್ಲಿ ಎತ್ತಿದ ಕೈಯಾದ ಚೀಫ್ಸ್ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಆರು ಸಲ ಸ್ಯಾಕ್ ಆದ, ಅಂದರೆ ಎಸೆಯುವ ಮೊದಲೇ ಚೆಂಡಿನ ಸಮೇತ ಸಿಕ್ಕಿಬಿದ್ದ. ನಾಲ್ಕು ಜನ ಮುಂದಿನಿಂದ ಒತ್ತುತ್ತಿದ್ದರು, ಏಳು ಜನ ಹಿಂದೆ ಅವನನ್ನೇ ನೋಡುತ್ತಿದ್ದರು. ಎಲ್ಲಿಗೆ ಓಡೋದು? ಒಂದು ಹೊತ್ತಿನಲ್ಲಿ ಸ್ಕೋರ್ ಈಗಲ್ಸ್ ಪರ 34-0 ಇತ್ತು. ಕೊನೆಗೆ 40-22. ತಮಾಷೆ ಏನೆಂದರೆ, ಎದುರು ಕಡೆ ಚೀಫ್ಸ್ ಡಿಫೆನ್ಸ್ ನಡೆಸುತ್ತಿದ್ದ ಸ್ಟೀವ್ ಸ್ಪ್ಯಾಗ್ನುವೊಲೊ ಬ್ಲಿಟ್ಜ್‌ಗೇ ಹೆಸರಾದವರು. ಅವರ ಮುಂದೆ ಈಗಲ್ಸ್ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ 72 ಗಜ ಓಡಿದ, ಸೂಪರ್ ಬೌಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಓಟದ ದಾಖಲೆ.

ಇಷ್ಟು ಹೇಳಿ ನಾನು ಬೀಗುವಂತೆಯೂ ಇಲ್ಲ. ಇದೇ ಫ್ಯಾಂಜಿಯೊ 2023ರಲ್ಲಿ ಮಯಾಮಿಯಲ್ಲಿದ್ದರು. ಆ ವರ್ಷದ ಕೊನೆಯ ದಿನ ಫ್ಯಾಂಜಿಯೊ ಡಿಫೆನ್ಸ್ ಮೇಲೆ ಲಮಾರ್ ಐದು ಟಚ್‌ಡೌನ್ (ಈ ಆಟದ ಗೋಲು ಅನ್ನಿ) ಎಸೆದ. ಸ್ಕೋರ್ ರೇವನ್ಸ್ ಪರ 56-19. ಗೆಳೆಯ ಇದನ್ನು ಮರೆಯುವವನಲ್ಲ.

ನಾಲ್ಕೇ ಜನರಿಂದ ಕೆಲಸ ಆಗಬೇಕಾದರೆ ಆ ನಾಲ್ವರು ಅಂದು ಈಗಲ್ಸ್ ಪರ ನುಗ್ಗಿದ ಜೇಲನ್ ಕಾರ್ಟರ್, ಜೋಶ್ ಸ್ವೆಟ್ ಥರ ಇರಬೇಕು. ಇಲ್ಲದಿದ್ದರೆ? ನನ್ನನ್ನು ಕೇಳಿದರೆ, ಆರು ಜನರನ್ನು ಲೈನ್ ಮೇಲೆ ನಿಲ್ಲಿಸಿ ಹೆದರಿಸು, ನಾಲ್ವರನ್ನೇ ಕಳಿಸು. ಯಾವ ನಾಲ್ವರು ಅನ್ನೋದು ಮಾತ್ರ ಪ್ರತಿ ಸಲ ಬದಲಾಗಲಿ.